ನಿನ್ನೆಗೆ ಹೋಗುವ ದಾರಿ ಉಂಟೆ?

ಹಿರಿಯರನ್ನು ನಿರುತ್ತರರನ್ನಾಗಿ ಮಾಡುವ ಮಕ್ಕಳ ಪ್ರಶ್ನೆಗಳಲ್ಲಿ “ನಿನ್ನೆಗೆ ವಾಪಸು ಹೋಗಬಹುದೆ?” ಎಂಬುದೂ ಒಂದು. ಸಿನಿಮಾದಲ್ಲಿ ಕಾಲಯಂತ್ರವನ್ನು ಕಂಡ ಹುಡುಗರು ಇದನ್ನು ಆಟಕ್ಕೆಂದು ಕೇಳುತ್ತಾರೆ. ಆದರೆ ಹಿರಿಯರ ಮನಸ್ಸಿನಲ್ಲಿಯೂ ಈ ಪ್ರಶ್ನೆ ಇಲ್ಲದೆ ಇಲ್ಲ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಪುಣೆಯಲ್ಲಿ ನೆಲೆಸಿದ ನಮ್ಮಲ್ಲಿ, ಸುದ್ದಿ ತಿಳಿದು ರೈಲು ಹಿಡಿದು ಊರು ಮುಟ್ಟುವಷ್ಟರಲ್ಲಿ ಹೆತ್ತವರ ಕೊನೆಯ ಮಾತು ಕೇಳದೆ ಹೋದವರು ಅನೇಕರಿದ್ದಾರೆ. ಒಂದೇ ಒಂದು ದಿನ ಹಿಂದಕ್ಕೆ ಹೋಗುವಂತಿದ್ದರೆ ಎಂದು ಅವರು ಎಷ್ಟು ಸಲ ಅಂದುಕೊಂಡಿಲ್ಲ! ಈ ಆಸೆಗೆ ಭೌತವಿಜ್ಞಾನವು ಏನು ಉತ್ತರ ಕೊಡುತ್ತದೆಂಬುದನ್ನು ನೋಡೋಣ.

ಉತ್ತರ ಹುಡುಕಲು ನಾವು ಸೀಮೋಲ್ಲಂಘನ ಮಾಡಬೇಕಾಗಿಲ್ಲ. ಗಣೇಶಖಿಂಡದ ವಿಶ್ವವಿದ್ಯಾಲಯದ ಆವರಣದಲ್ಲಿ ‘ಆಯುಕಾ’ ಎಂದು ಪ್ರಸಿದ್ಧವಾದ ಖಗೋಲ ವಿಜ್ಞಾನ ಕೇಂದ್ರವಿದೆ. ೧೯೮೮ರಲ್ಲಿ ಸ್ಥಾಪನೆಯಾದ ಈ ಕೇಂದ್ರಕ್ಕೆ ಪ್ರೊ. ಜಯಂತ ನಾರಳೀಕರರು ಮೊದಲ ನಿರ್ದೇಶಕರಾಗಿದ್ದರು. ಕಾಲ, ದೇಶ, ಗುರುತ್ವ ಇವುಗಳ ವಿಚಾರವೇ ಇಲ್ಲಿಯ ನಿತ್ಯದ ಕೆಲಸ. ಗುರುತ್ವವನ್ನು ಕುರಿತ ಜಾಗತಿಕ ಸಮ್ಮೇಳನವೂ ೧೯೯೭ರ ಡಿಸೆಂಬರಿನಲ್ಲಿ ಇಲ್ಲಿಯೇ ನಡೆಯಿತು.

ಮೊದಲು ಸುಲಭವಾದ ಅರ್ಧವನ್ನು ಮುಗಿಸೋಣ: ಮುಂದಕ್ಕೆ ಹೋಗುವುದು ಸಾಧ್ಯವೆ? ಭಾಗವತದಲ್ಲಿ ರೈವತ ರಾಜನ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಮಗಳು ರೇವತಿಗೆ ತಕ್ಕ ವರನಾರೆಂದು ಕೇಳಲು ಆತ ಅವಳನ್ನು ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋದ. ಅಲ್ಲಿ ಗಾನ ಮುಗಿಯುವವರೆಗೆ ಕ್ಷಣಕಾಲ ಕಾದ. ಅಷ್ಟರಲ್ಲಿ ಭೂಲೋಕದಲ್ಲಿ ೨೭ ಚತುರ್ಯುಗಗಳೇ ಕಳೆದುಹೋಗಿದ್ದವಂತೆ! ಕಥೆ ಕಥೆಯೇ ಸರಿ. ಆದರೆ ಎಲ್ಲ ಕಡೆಗೂ ಎಲ್ಲರಿಗೂ ಕಾಲವು ಒಂದೇ ವೇಗದಲ್ಲಿ ಹರಿಯುವುದಿಲ್ಲವೆಂಬುದನ್ನು ಐನ್‌ಸ್ಟೈನರು ೧೯೦೫ರಲ್ಲಿಯೂ ೧೯೧೫ರಲ್ಲಿಯೂ ಗಣಿತದಿಂದ ತೋರಿಸಿದರು. ವೇಗವಾಗಿ ಚಲಿಸುವ ಗಡಿಯಾರ ನಿಧಾನವಾಗುತ್ತದೆ. ಗುರುತ್ವ ಹೆಚ್ಚಿರುವಲ್ಲಿ ಇಟ್ಟ ಗಡಿಯಾರವೂ ನಿಧಾನವಾಗುತ್ತದೆ.

೧೯೭೧ರ ಅಕ್ಟೋಬರಿನಲ್ಲಿ ಹಾಫಲೆ ಮತ್ತು ಕೀಟಿಂಗ್ ಎಂಬಿಬ್ಬರು ಪರಮಾಣು ಗಡಿಯಾರಗಳನ್ನು ಪ್ರಯಾಣಿಕರ ವಿಮಾನಗಳಲ್ಲಿಟ್ಟುಕೊಂಡು ಭೂಮಿಯನ್ನು ಸುತ್ತಿದರು. ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ, ಅಂಥ ೫೯ ಪಾಲಿನಷ್ಟು ಪೂರ್ವಕ್ಕೆ ಹೋದ ಗಡಿಯಾರಗಳು ಹಿಂದೆ ಬಿದ್ದಿದ್ದವು. ಪಶ್ಚಿಮಕ್ಕೆ ಹೋದವು ೨೭೩ ಪಾಲು ಮುಂದೆ ಹೋಗಿದ್ದವು. ನಮ್ಮ ಮೊಬೈಲಿನಲ್ಲಿ ದಾರಿ ತೋರಿಸುವ ಜಿ.ಪಿ.ಎಸ್. ಉಪಗ್ರಹಗಳ ಗಡಿಯಾರಗಳು ದಿನಕ್ಕೆ ಒಂದು ಸೆಕೆಂಡಿನ ೩೮ ದಶಲಕ್ಷಾಂಶದಷ್ಟು ಮುಂದೋಡುತ್ತವೆ; ಅದನ್ನು ತಿದ್ದದಿದ್ದರೆ ಕಾತ್ರಜಕ್ಕೆ ಹೊರಟವರು ಇನ್ನೆಲ್ಲೋ ಇಳಿಯಬೇಕಾದೀತು. ೨೦೧೦ರಲ್ಲಿ ಅಮೆರಿಕದ ವಿಜ್ಞಾನಿಗಳು ಕೇವಲ ೩೩ ಸೆಂಟಿಮೀಟರು ಎತ್ತರದಲ್ಲಿಟ್ಟ ಗಡಿಯಾರ ಕೆಳಗಿನದಕ್ಕಿಂತ ಬೇಗ ಓಡುವುದನ್ನು ಅಳೆದರು. ಅಂದರೆ ಮೇಲಿನ ಮಹಡಿಯವರು ಕೆಳಮನೆಯವರಿಗಿಂತ ಕೂದಲೆಳೆಯಷ್ಟು ಬೇಗ ಮುದುಕರಾಗುತ್ತಾರೆ! ಆದ್ದರಿಂದ ಭವಿಷ್ಯಕ್ಕೆ ಹೋಗುವ ದಾರಿ ತೆರೆದೇ ಇದೆ. ತಕ್ಕ ವೇಗದ ವಾಹನ ಮಾತ್ರ ನಮ್ಮಲ್ಲಿಲ್ಲ.

ಇನ್ನು ಕಠಿಣವಾದ ಅರ್ಧ. ಹಿಂದಕ್ಕೆ ಹೋಗುವುದನ್ನು ಐನ್‌ಸ್ಟೈನರ ಸಮೀಕರಣಗಳು ನೇರವಾಗಿ ನಿಷೇಧಿಸುವುದಿಲ್ಲವೆಂಬುದೇ ಆಶ್ಚರ್ಯದ ಸಂಗತಿ. ೧೯೪೯ರಲ್ಲಿ ಕರ್ಟ್ ಗೋಡೆಲ್ ಎಂಬ ತರ್ಕಶಾಸ್ತ್ರಜ್ಞರು, ಇಡೀ ವಿಶ್ವವೇ ಬುಗುರಿಯಂತೆ ತಿರುಗುತ್ತಿದ್ದರೆ ಯಾತ್ರಿಕನೊಬ್ಬನು ಸುತ್ತಿ ಬಂದು ತನ್ನ ಗತಕಾಲವನ್ನೇ ಸೇರಬಹುದೆಂದು ಲೆಕ್ಕ ಮಾಡಿ ತೋರಿಸಿದರು. ಲೆಕ್ಕದಲ್ಲಿ ಲೋಪವಿರಲಿಲ್ಲ. ಆದರೆ ನಮ್ಮ ವಿಶ್ವವು ಹಾಗೆ ತಿರುಗುತ್ತಿರುವ ಕುರುಹು ಎಲ್ಲಿಯೂ ಕಂಡುಬಂದಿಲ್ಲ.

೧೯೮೮ರಲ್ಲಿ ಕಿಪ್ ಥಾರ್ನ್ ಮತ್ತು ಅವರ ಸಂಗಡಿಗರು ಇನ್ನೊಂದು ದಾರಿಯನ್ನು ಸೂಚಿಸಿದರು. ಮಾವಿನಹಣ್ಣಿನ ಮೇಲೆ ಇರುವೆ ಸುತ್ತಿ ಹೋಗಬೇಕಾದ ದೂರವನ್ನು ಹುಳು ಒಳಗೆ ಕೊರೆದು ನೇರವಾಗಿ ದಾಟುತ್ತದಲ್ಲವೆ? ಹಾಗೆಯೇ ದೇಶಕಾಲಗಳಲ್ಲಿ ಒಂದು ‘ಹುಳುಬಿಲ’ ಇದ್ದು, ಅದರ ಒಂದು ಬಾಯನ್ನು ಬೆಳಕಿನ ಹತ್ತಿರ ಹತ್ತಿರದ ವೇಗದಲ್ಲಿ ಓಡಾಡಿಸಿ ತಂದರೆ ಎರಡು ಬಾಯಿಗಳ ಕಾಲಗಳಲ್ಲಿ ಅಂತರವುಂಟಾಗುತ್ತದೆ. ಆಗ ಒಂದರಲ್ಲಿ ಹೊಕ್ಕು ಇನ್ನೊಂದರಲ್ಲಿ ‘ಮೊದಲೇ’ ಹೊರಬರಬಹುದು. ಇಲ್ಲಿ ಎರಡು ತೊಡಕುಗಳುಂಟು. ಸಾಮಾನ್ಯ ದ್ರವ್ಯದ ಗುರುತ್ವವು ಬೆಳಕಿನ ಕಿರಣಗಳನ್ನು ಒಟ್ಟುಗೂಡಿಸುತ್ತದೆಯೇ ಹೊರತು ಚೆದರಿಸುವುದಿಲ್ಲ. ಈ ಸಂಗತಿಯ ಮೂಲದಲ್ಲಿರುವುದು ಕಲಕತ್ತೆಯ ಅಮಲ್ ಕುಮಾರ್ ರಾಯಚೌಧುರಿಯವರು ೧೯೫೫ರಲ್ಲಿ ಪ್ರಕಟಿಸಿದ ಸಮೀಕರಣ. ಬಿಲದ ಬಾಯಿ ಕುಸಿಯದಂತೆ ಹಿಡಿದಿಡಬೇಕಾದರೆ ಋಣಶಕ್ತಿಯುಳ್ಳ ವಿಚಿತ್ರ ದ್ರವ್ಯ ಬೇಕು. ಅಂಥದ್ದನ್ನು ಬೇಕಾದಷ್ಟು ಪ್ರಮಾಣದಲ್ಲಿ ಯಾರೂ ಕಂಡಿಲ್ಲ.

ಎರಡನೆಯ ತೊಡಕು ನಮ್ಮ ಆಸೆಗೆ ಇನ್ನೂ ಹತ್ತಿರದ್ದು. ಇಂಥ ಯಂತ್ರವನ್ನು ಕಟ್ಟಿದರೂ ಅದು ಸಿದ್ಧವಾದ ದಿನಕ್ಕಿಂತ ಹಿಂದಕ್ಕೆ ಅದರಿಂದ ಹೋಗಲಾಗದು. ನಾಳೆ ಕಟ್ಟಿದ ಯಂತ್ರದಿಂದ ನಾಡಿದ್ದಿನವರು ನಾಳೆಗೆ ಬಂದಾರು. ನಮ್ಮ ಅಜ್ಜನ ಕಾಲದ ಧಾರವಾಡಕ್ಕೆ ಯಾರೂ ಹೋಗಲಾರರು.

ಅದೂ ಆಗಲಾರದೆಂಬುದು ಸ್ಟೀಫನ್ ಹಾಕಿಂಗರ ಅಭಿಪ್ರಾಯ. ನಿಸರ್ಗವೇ ಇತಿಹಾಸವನ್ನು ಕಾಯುತ್ತದೆ, ಯಂತ್ರವು ಕೆಲಸ ಮಾಡುವ ಗಳಿಗೆಗೆ ಶಕ್ತಿಯು ಉಕ್ಕಿ ಅದನ್ನು ಹಾಳುಗೆಡವುತ್ತದೆ ಎಂದು ಅವರು ೧೯೯೨ರಲ್ಲಿ ಊಹಿಸಿದರು. ಇದು ಇನ್ನೂ ಸಿದ್ಧಾಂತವಾಗಿ ಸಾಧಿತವಾಗಿಲ್ಲ. ೨೦೦೯ರಲ್ಲಿ ಅವರೊಂದು ಔತಣವನ್ನೇರ್ಪಡಿಸಿ, ಅದು ಮುಗಿದ ಮೇಲೆ ಕಾಲಯಾತ್ರಿಕರಿಗೆ ಆಮಂತ್ರಣ ಪ್ರಕಟಿಸಿದರು. ಒಬ್ಬ ಅತಿಥಿಯೂ ಬಂದಿರಲಿಲ್ಲ!

ಮೊಮ್ಮಗನು ಹಿಂದಕ್ಕೆ ಹೋಗಿ ಅಜ್ಜನ ಮದುವೆಯನ್ನೇ ತಪ್ಪಿಸಿದರೆ ಮೊಮ್ಮಗನೆಲ್ಲಿಂದ ಬಂದ ಎಂಬ ಒಗಟೂ ಇದೆ. ಪ್ರತಿಯೊಂದು ಸಾಧ್ಯತೆಗೂ ಬೇರೆ ಬೇರೆ ಜಗತ್ತಿನ ಕವಲುಗಳಿದ್ದರೆ ಒಗಟು ಬಿಡುತ್ತದೆಂದು ೧೯೯೧ರಲ್ಲಿ ಡೇವಿಡ್ ಡಾಯ್ಚ್ ವಾದಿಸಿದರು. ಇದಕ್ಕೆ ಹತ್ತಿರವಾದ ವಿಚಾರವನ್ನು ನಾರಳೀಕರರು ಮರಾಠಿ ಕಥೆಯಾಗಿಯೂ ಬರೆದರು. ಅದರ ಇಂಗ್ಲಿಷ್ ರೂಪವಾದ ‘ದಿ ಅಡ್ವೆಂಚರ್’ ಎಂಬುದನ್ನು ನಮ್ಮ ಅನೇಕ ಮಕ್ಕಳು ಹನ್ನೊಂದನೆಯ ತರಗತಿಯಲ್ಲಿ ಓದಿದ್ದಾರೆ. ೧೭೬೧ರ ಪಾಣಿಪತದ ಯುದ್ಧದಲ್ಲಿ ವಿಶ್ವಾಸರಾಯನಿಗೆ ಗುಂಡು ತಗುಲದೆ ಹೋಗಿ ಮರಾಠರು ಗೆದ್ದಿದ್ದರೆ ಇಂದಿನ ದೇಶ ಹೇಗಿರುತ್ತಿತ್ತೆಂಬುದನ್ನು ಇತಿಹಾಸದ ಪ್ರಾಧ್ಯಾಪಕನೊಬ್ಬನು ಅದರಲ್ಲಿ ಕಣ್ಣಾರೆ ಕಾಣುತ್ತಾನೆ. ಗಮನಿಸಿರಿ: ಆತ ನೋಡಿ ಬರುವುದು ಬೇರೊಂದು ಕವಲನ್ನು, ನಮ್ಮ ಪಾಣಿಪತದ ಸೋಲು ಸೋಲಾಗಿಯೇ ಉಳಿಯುತ್ತದೆ. ಹಾಗೆಯೇ ಬೇರೆ ಕವಲಿನಲ್ಲಿ ನಾವು ತಾಯಿಯನ್ನು ಕಂಡರೂ, ಇಲ್ಲಿ ತಪ್ಪಿಹೋದ ದಿನ ತಪ್ಪಿಹೋದದ್ದೇ ಸರಿ.

ನಾರಳೀಕರರ ಶಾಸ್ತ್ರೀಯ ಸಂಶೋಧನೆಯೂ ಈ ವಿಷಯವನ್ನು ಮುಟ್ಟಿತ್ತು. ವಿದ್ಯುತ್ಕಾಂತ ಅಲೆಗಳ ಗಣಿತವು ಭವಿಷ್ಯದಿಂದ ಭೂತಕ್ಕೆ ಬರುವ ಅಲೆಗಳನ್ನೂ ಒಪ್ಪುತ್ತದೆ. ಆದರೆ ನಾವು ಕಾಣುವುದು ಮುಂದಕ್ಕೆ ಹೋಗುವವುಗಳನ್ನು ಮಾತ್ರ. ಏಕೆ? ವಿಶ್ವದ ಉಳಿದೆಲ್ಲ ದ್ರವ್ಯವೂ ಸೇರಿ ಹಿಮ್ಮುಖದ ಅಲೆಯನ್ನು ಅಳಿಸಿಬಿಡುತ್ತದೆಂದು ವ್ಹೀಲರ್ ಮತ್ತು ಫೈನ್‌ಮನ್ ೧೯೪೫ರಲ್ಲಿ ಹೇಳಿದರು. ೧೯೬೦ರ ದಶಕದಲ್ಲಿ ನಾರಳೀಕರರು ಗುರುಗಳಾದ ಫ್ರೆಡ್ ಹಾಯ್ಲರೊಡನೆ ಈ ವಿಚಾರವನ್ನು ಹಿಗ್ಗುತ್ತಿರುವ ವಿಶ್ವಕ್ಕೆ ಅನ್ವಯಿಸಿದರು. ಅವರು ಎತ್ತಿ ಹಿಡಿದ ಸ್ಥಿರಸ್ಥಿತಿಯ ವಿಶ್ವವನ್ನು ಇಂದು ಬಹುಪಾಲು ವಿಜ್ಞಾನಿಗಳು ಒಪ್ಪುವುದಿಲ್ಲ. ಆದರೂ, ಒಂದು ದೀಪದ ಬೆಳಕು ಮುಂದಕ್ಕೇ ಏಕೆ ಹೋಗುತ್ತದೆಂಬುದಕ್ಕೆ ಇಡೀ ವಿಶ್ವವನ್ನೇ ಸಾಕ್ಷಿ ಕರೆದ ಆ ಧೈರ್ಯವು ಮೆಚ್ಚತಕ್ಕದ್ದು. ನಾರಳೀಕರರು ೨೦೨೫ರ ಮೇ ೨೦ರಂದು ಪುಣೆಯಲ್ಲಿಯೇ ತೀರಿಕೊಂಡರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯಲ್ಲಿ ನಮ್ಮ ಹಿರಿಯರು ಇದನ್ನೇ ಸಂಕ್ಷೇಪವಾಗಿ ಹೇಳಿದ್ದಾರೆ. ಹಾಲು ಮೊಸರಾಗಿ, ಮೊಸರು ಬೆಣ್ಣೆಯಾಗಿ, ಬೆಣ್ಣೆ ತುಪ್ಪವಾಗುತ್ತದೆ. ತುಪ್ಪದಿಂದ ಹಾಲು ಕರೆದವರಿಲ್ಲ. ಒಟ್ಟಿನಲ್ಲಿ ಅವ್ಯವಸ್ಥೆ ಹೆಚ್ಚುತ್ತ ಹೋಗುವುದೇ ಕಾಲದ ದಿಕ್ಕೆಂದು ವಿಜ್ಞಾನವೂ ಹೇಳುತ್ತದೆ.

ಹಾಗಾದರೆ ಗತಕಾಲವು ನಮಗೆ ಪೂರ್ತಿ ಮುಚ್ಚಿಹೋಗಿದೆಯೆ? ಹೋಗುವುದಕ್ಕೆ ಮುಚ್ಚಿದೆ; ನೋಡುವುದಕ್ಕೆ ಮುಚ್ಚಿಲ್ಲ. ಸೂರ್ಯನನ್ನು ನಾವು ಕಾಣುವುದು ಎಂಟು ನಿಮಿಷ ಹಿಂದೆ ಇದ್ದಂತೆ. ಬರಿಗಣ್ಣಿಗೆ ಮಸುಕಾಗಿ ತೋರುವ ದೇವಯಾನಿ ನಕ್ಷತ್ರಮಂಡಲವನ್ನು ಸುಮಾರು ೨೫ ಲಕ್ಷ ವರ್ಷಗಳ ಹಿಂದೆ ಇದ್ದಂತೆ. ಪುಣೆಯಿಂದ ಸುಮಾರು ೮೦ ಕಿಲೋಮೀಟರು ದೂರದಲ್ಲಿ, ನಾರಾಯಣಗಾಂವದ ಹತ್ತಿರ ಖೋಡದದಲ್ಲಿ, ೪೫ ಮೀಟರು ಅಗಲದ ೩೦ ತಟ್ಟೆಗಳುಳ್ಳ ರೇಡಿಯೋ ದೂರದರ್ಶಕವಿದೆ. ಅದು ಸುಮಾರು ೮೮೦ ಕೋಟಿ ವರ್ಷಗಳ ಹಿಂದೆ ಹೊರಟ ಜಲಜನಕದ ಸಂಕೇತವನ್ನು ಹಿಡಿದದ್ದು ೨೦೨೩ರಲ್ಲಿ ಪ್ರಕಟವಾಯಿತು. ಆ ಶೋಧದಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಾಲೂ ಇತ್ತು.

ಇನ್ನೊಂದು ಹೆಮ್ಮೆಯ ಮಾತು. ಕನ್ನಡಿಗರಾದ ಸಿ. ವಿ. ವಿಶ್ವೇಶ್ವರರು ಕಪ್ಪುಕುಳಿಯನ್ನು ಕದಲಿಸಿದರೆ ಅದು ಗಂಟೆಯಂತೆ ಮಿಡಿದು ಅಡಗುತ್ತದೆಂದು ೧೯೭೦ರಲ್ಲಿಯೇ ಲೆಕ್ಕ ಹಾಕಿದ್ದರು. ೨೦೧೫ರ ಸೆಪ್ಟೆಂಬರ್ ೧೪ರಂದು, ಸುಮಾರು ೧೩೦ ಕೋಟಿ ವರ್ಷಗಳ ಹಿಂದೆ ಎರಡು ಕಪ್ಪುಕುಳಿಗಳು ಕೂಡಿದಾಗ ಎದ್ದ ಅಲೆ ಭೂಮಿಯನ್ನು ಮುಟ್ಟಿತು. ೨೦೧೭ರಲ್ಲಿ ತೀರಿಕೊಂಡ ವಿಶ್ವೇಶ್ವರರು ಅದನ್ನು ಕೇಳುವವರೆಗೆ ಬದುಕಿದ್ದರು.

ಆದಕಾರಣ ಮಕ್ಕಳಿಗೆ ನಾವು ಕೊಡಬಹುದಾದ ಪ್ರಾಮಾಣಿಕ ಉತ್ತರವಿಷ್ಟು: ಮುಂದಕ್ಕೆ ಹೋಗಬಹುದು, ಹಿಂದಕ್ಕೆ ಹೋಗುವ ಸಾಧನವಾವುದೂ ತಿಳಿದಿಲ್ಲ, ಅಸಾಧ್ಯವೆಂದು ಸಾಧಿಸಿಯೂ ಇಲ್ಲ, ಕಳೆದುಹೋದದ್ದರ ಸುದ್ದಿ ಮಾತ್ರ ಬರುತ್ತಲೇ ಇದೆ. ಫೆಬ್ರವರಿ ೨೮ರ ವಿಜ್ಞಾನ ದಿನದ ನಿಮಿತ್ತ ಆಯುಕಾ ಮತ್ತು ಖೋಡದ ಎರಡೂ ಜನರಿಗೆ ಬಾಗಿಲು ತೆರೆಯುವ ರೂಢಿಯುಂಟು. ಸಂಸಾರಸಮೇತ ಹೋಗಿ ಬರಬಹುದು. ಊರಿನ ಹಿರಿಯರು ಮನೆಗೆ ಬಂದಿದ್ದರೆ ಅವರನ್ನೂ ಕರೆದುಕೊಂಡು ಹೋಗಿರಿ. ದಾರಿಯಲ್ಲಿ ಅವರ ಕಾಲದ ಸುದ್ದಿಯನ್ನೂ ಕೇಳಿಕೊಳ್ಳಬಹುದು.