ಹಳೆಯ ಗಿಟಾರು ಧ್ವನಿವರ್ಧಕಕ್ಕೆ ನಾದಪರಿಣಾಮಗಳ ಜೋಡಣೆ

ಕ್ಯಾಲಿಫೋರ್ನಿಯದ ಫುಲರ್ಟನ್ ಪಟ್ಟಣದ ಫೆಂಡರ್ ಸಂಸ್ಥೆಯು 1958ರಿಂದ 1960ರ ವರೆಗೆ ತಯಾರಿಸಿದ 5ಎಫ್6-ಎ ಮಾದರಿಯ ‘ಬ್ಯಾಸ್‌ಮನ್’ ಧ್ವನಿವರ್ಧಕವು ಬಾಸ್ ಗಿಟಾರಿಗೆಂದು ಹುಟ್ಟಿದ್ದು; ಅದಕ್ಕೆ ಕೀರ್ತಿ ತಂದವರು ಮಾತ್ರ ಸಾಮಾನ್ಯ ಗಿಟಾರಿನ ವಾದಕರು. ಲಂಡನ್ನಿನ ಜಿಮ್ ಮಾರ್ಷಲ್ಲರ ಅಂಗಡಿಯವರು 1962ರಲ್ಲಿ ತಮ್ಮ ಮೊದಲ ಧ್ವನಿವರ್ಧಕವನ್ನು ಕಟ್ಟಿದುದು ಬಹುಮಟ್ಟಿಗೆ ಇದರ ವಿದ್ಯುನ್ಮಾರ್ಗವನ್ನು ಅನುಸರಿಸಿಯೇ. ಇಷ್ಟು ಹೆಸರಾಂತ ಯಂತ್ರದಲ್ಲಿ ಅನುರಣನದ ಏರ್ಪಾಡಿಲ್ಲ. ನಾದದ ಬಲವನ್ನು ಅಲೆಅಲೆಯಾಗಿ ಏರಿಳಿಸುವ ಟ್ರೆಮೊಲೊ ಕೂಡ ಇಲ್ಲ. ಇಂದಿನ ವಾದಕನು ಇವನ್ನು ಬಯಸುವುದು ಸಹಜ. ಎಲ್ಲಿ ಸೇರಿಸಬೇಕೆಂಬ ಪ್ರಶ್ನೆಯು ಕುಶಲಕರ್ಮಿಗೆಷ್ಟೋ, ಆಕರಗಳ ರಕ್ಷಣೆಯಲ್ಲಿ ಆಸಕ್ತಿಯುಳ್ಳ ಇತಿಹಾಸದ ವಿದ್ಯಾರ್ಥಿಗೂ ಅಷ್ಟೇ ಸಂಬಂಧಪಟ್ಟುದು.

ಫೆಂಡರ್ ಸಂಸ್ಥೆಯೇ 1961ರಲ್ಲಿ ಒಂದು ಪ್ರತ್ಯೇಕ ಅನುರಣನ ಪೆಟ್ಟಿಗೆಯನ್ನು ಹೊರತಂದಿತು. ನಾದವು ವಿದ್ಯುದ್ರೂಪದಲ್ಲಿ ಬಂದು ಸ್ಪ್ರಿಂಗುಗಳ ಒಂದು ತುದಿಯನ್ನು ಅಲುಗಿಸುತ್ತದೆ. ಆ ಅಲುಗಾಟವು ಇನ್ನೊಂದು ತುದಿಗೆ ತಡವಾಗಿ ಮುಟ್ಟಿ, ಹಿಂದಕ್ಕೂ ಮುಂದಕ್ಕೂ ಹೊರಳಿ, ದೊಡ್ಡ ಸಭಾಂಗಣದ ಭ್ರಮೆಯನ್ನು ಹುಟ್ಟಿಸುತ್ತದೆ. ಈ ಪೆಟ್ಟಿಗೆಯು ಗಿಟಾರಿಗೂ ಧ್ವನಿವರ್ಧಕಕ್ಕೂ ನಡುವೆ ನಿಲ್ಲುವುದರಿಂದ ಹಳೆಯ ಯಂತ್ರಕ್ಕೆ ಯಾವ ಹಾನಿಯೂ ಇಲ್ಲ. ಒಂದೇ ತೊಡಕು: ಧ್ವನಿಯನ್ನು ಹೆಚ್ಚಿಸಿದಾಗ ವಾಲ್ವುಗಳು ನಾದವನ್ನು ಒರಟುಗೊಳಿಸುವಂತೆ ಅನುರಣನವನ್ನೂ ಒರಟುಗೊಳಿಸಿ ಕಲಸಿಬಿಡುತ್ತವೆ.

ಇದಕ್ಕೆ ಪರಿಹಾರವೆಂದು ಕೆಲವರು ಲೋಹದ ತಳಕಟ್ಟಿಗೆ ರಂಧ್ರ ಕೊರೆದು, ಪೂರ್ವವರ್ಧಕಕ್ಕೂ ಅಂತಿಮ ವರ್ಧಕಕ್ಕೂ ನಡುವೆ ಪರಿಣಾಮಗಳಿಗೆ ಹೋಗಿಬರುವ ದಾರಿಯನ್ನು ಮಾಡಿಸುತ್ತಾರೆ. ಇದು ನನಗೆ ಒಪ್ಪಿಗೆಯಿಲ್ಲ. ಬ್ಯಾಸ್‌ಮನ್ನಿನಲ್ಲಿ ಒರಟುತನದ ಬಹುಭಾಗ ಹುಟ್ಟುವುದು ಅಂತಿಮ ವಾಲ್ವುಗಳಲ್ಲಿಯೇ. ಆದುದರಿಂದ ಅವುಗಳ ಹಿಂದೆ ತೆರೆದ ದಾರಿಯಿಂದ ಬಯಸಿದ ಫಲ ದೊರೆಯದು. ಮೇಲಾಗಿ, ಸವೆದ ಶಾಸನಕ್ಕೆ ಇಂದಿನವನೊಬ್ಬ ಉಳಿಯಿಂದ ಅಕ್ಷರಗಳನ್ನು ತುಂಬಿದರೆ ಮುಂದಿನ ಓದುಗನಿಗೆ ಉಳಿಯುವುದೇನು? ಮೂಲದ ಬೆಸುಗೆ, ತಂತಿಗಳ ಜಾಡು, ಬಿಡಿಭಾಗಗಳ ಮೇಲಿನ ತಯಾರಿಕೆಯ ಸಂಕೇತಗಳು, ಇವೆಲ್ಲ ಒಂದು ಕಾರ್ಖಾನೆಯ ದಿನಚರಿಯ ಸಾಕ್ಷ್ಯಗಳು.

ಇದಕ್ಕಿಂತ ಮೇಲಾದ ಮಾರ್ಗ ಬೇರೆ ಇದೆ. ಸ್ಪೀಕರಿಗೆ ಹೋಗುವ ಸಂಕೇತದ ಅಲ್ಪಾಂಶವನ್ನು ಸೂಕ್ತ ರೋಧಕಗಳ ಮೂಲಕ ತಗ್ಗಿಸಿ, ಹೊರಗಿನ ಅನುರಣನ ಯಂತ್ರಕ್ಕೆ ಕೊಟ್ಟು, ಅದರ ಫಲವನ್ನು ಎರಡನೆಯ ಧ್ವನಿವರ್ಧಕದಲ್ಲಿ ನುಡಿಸುವುದು. ಸ್ಪೀಕರಿನ ಸಂಪರ್ಕವನ್ನು ಮಾತ್ರ ಕಡಿಯಕೂಡದು. ಹಳೆಯ ಪೆಟ್ಟಿಗೆ ತನ್ನ ಶುದ್ಧ ಧ್ವನಿಯಲ್ಲಿಯೇ ಹಾಡುತ್ತಿರುತ್ತದೆ. ಒರಟಾದ ಮೇಲೆಯೇ ನಾದವು ಅನುರಣನವನ್ನು ಪಡೆಯುತ್ತದೆ. ಟ್ರೆಮೊಲೊವಿಗೆ ಗಿಟಾರಿನ ಮುಂದಿಡುವ ಸಣ್ಣ ಪೆಟ್ಟಿಗೆಯೇ ಸಾಕು. (ಫೆಂಡರಿನವರು 1955ರ ‘ಟ್ರೆಮೊಲಕ್ಸ್’ನಲ್ಲಿ ಈ ಗುಣವನ್ನು ಸರಿಯಾದ ಹೆಸರಿನಿಂದಲೇ ಸೂಚಿಸಿ, ಮುಂದೆ ಅದನ್ನೇ ‘ವೈಬ್ರಾಟೊ’ ಎಂದು ಕರೆದುದರಿಂದ ಹುಟ್ಟಿದ ಗೊಂದಲ ಇನ್ನೂ ತೀರಿಲ್ಲ.)

ದುರಸ್ತಿಯು ಮಾರ್ಪಾಟಲ್ಲ. ಒಣಗಿದ ಫಿಲ್ಟರ್ ಕಂಡೆನ್ಸರುಗಳನ್ನು ಬದಲಿಸದೆ ಯಂತ್ರವನ್ನು ನುಡಿಸುವುದು ಅವಿವೇಕ. ಆದರೆ ವಿದ್ಯುತ್ತನ್ನು ಕಿತ್ತ ಮೇಲೂ ಅವುಗಳಲ್ಲಿ 400 ವೋಲ್ಟಿಗೂ ಮಿಕ್ಕ ಪ್ರಾಣಾಂತಿಕ ವಿದ್ಯುತ್ತು ನಿಂತಿರಬಹುದಾದುದರಿಂದ ಈ ಕೆಲಸ ಬಲ್ಲವರದೇ ಆಗಬೇಕು. ತೆಗೆದ ಬಿಡಿಭಾಗಗಳನ್ನು ಎಸೆಯದೆ, ಬದಲಿಸಿದ ದಿನಾಂಕವನ್ನು ಬರೆದ ಚೀಟಿಯೊಡನೆ ಚೀಲವೊಂದರಲ್ಲಿ ಹಾಕಿ ಯಂತ್ರದೊಂದಿಗೇ ಇರಿಸತಕ್ಕದ್ದು.