ಕಾರ್ಡ್‌ಲೆಸ್ ಫೋನ್ ತಂದ್ರಾ? ಕರೆಂಟ್ ಹೋದಾಗ ಏನಾಗುತ್ತೆ, ಮೊದಲು ತಿಳ್ಕೊಳ್ಳಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮೊಬೈಲ್ ನೆಟ್‌ವರ್ಕ್ ಸರಿಯಾಗಿ ಸಿಗದ ಮನೆಗಳಿಗೆ ಇವತ್ತಿಗೂ ಲ್ಯಾಂಡ್‌ಲೈನೇ ಆಧಾರ. ವಯಸ್ಸಾದವರು ರಿಂಗ್ ಕೇಳಿ ಜಗಲಿಯಿಂದ ಒಳಗೆ ಓಡಿ ಬರೋದು ಬೇಡ ಅಂತ ಮಕ್ಕಳು ಕಾರ್ಡ್‌ಲೆಸ್ ಫೋನ್ ತಂದು ಕೊಡ್ತಾರೆ. ಒಳ್ಳೇದೇ. ಆದರೆ ಮಳೆಗಾಲದಲ್ಲಿ ಕರೆಂಟ್ ಹೋದ ರಾತ್ರಿ ಇದೇ ಫೋನ್ ಕೈಕೊಡಬಹುದು.

ಜೋಡಿಸೋದು ಹೇಗೆ?

ಬೇಸ್‌ಗೆ ಎರಡು ವೈರ್ ಇರುತ್ತವೆ. ಒಂದು ಕರೆಂಟಿನ ಅಡಾಪ್ಟರ್‌ದು, ಇನ್ನೊಂದು ಫೋನ್ ಲೈನಿಂದು. ಫೈಬರ್ ಕನೆಕ್ಷನ್ ಇದ್ದರೆ ಲೈನ್ ವೈರನ್ನು ಮೋಡೆಮ್ ಹಿಂದಿರುವ ಫೋನ್ ಪೋರ್ಟ್‌ಗೆ ಹಾಕಬೇಕು. ಹ್ಯಾಂಡ್‌ಸೆಟ್‌ಗೆ ರೀಚಾರ್ಜ್ ಆಗುವ ಬ್ಯಾಟರಿಯನ್ನೇ ಹಾಕಿ. ಗಡಿಯಾರಕ್ಕೆ ಹಾಕುವ ಸೆಲ್ ಹಾಕಿ ಚಾರ್ಜ್‌ಗೆ ಇಟ್ಟರೆ ಸೋರಿ ಹಾಳಾಗುತ್ತೆ. ಮೊದಲ ಸಲ ಪುಸ್ತಕದಲ್ಲಿ ಹೇಳಿದಷ್ಟು ಹೊತ್ತು ಪೂರ್ತಿ ಚಾರ್ಜ್ ಮಾಡಿ.

ಬೇಸನ್ನು ಮನೆ ಮಧ್ಯದಲ್ಲಿ, ಸ್ವಲ್ಪ ಎತ್ತರದಲ್ಲಿ ಇಡಿ. ಕಬ್ಬಿಣದ ಬೀರು, ಫ್ರಿಜ್ ಪಕ್ಕ ಬೇಡ. ಬಯಲಲ್ಲಿ ಸುಮಾರು 300 ಮೀಟರ್, ಮನೆಯೊಳಗೆ 50 ಮೀಟರ್ ಸಿಗುತ್ತೆ ಅಂತ ಡಬ್ಬದ ಮೇಲೆ ಇರಬಹುದು. ದಪ್ಪ ಗೋಡೆ ಇರುವ ಹಳೇ ಮನೆಗಳಲ್ಲಿ ಅಷ್ಟು ನಿರೀಕ್ಷಿಸಬೇಡಿ. ಹ್ಯಾಂಡ್‌ಸೆಟ್ ಎಲ್ಲಿಟ್ಟಿದ್ದೀರಿ ಅಂತ ಮರೆತರೆ ಬೇಸ್ ಮೇಲಿನ ಪೇಜ್ ಬಟನ್ ಒತ್ತಿ, ಅದು ಕೂಗುತ್ತೆ.

ಮೊಬೈಲ್‌ಗೆ ಮಾಡುವಾಗ ನಂಬರ್ ಹಿಂದೆ 0 ಸೇರಿಸಲೇಬೇಕು. 2021ರ ಜನವರಿ 15ರಿಂದ ಈ ನಿಯಮ ಇದೆ. ಮಕ್ಕಳ ನಂಬರ್ ಸೇವ್ ಮಾಡುವಾಗಲೂ 0 ಸೇರಿಸಿಯೇ ಮಾಡಿ.

ಕರೆಂಟ್ ಹೋದರೆ?

ಹಳೇ ತಾಮ್ರದ ಲೈನಿಗೆ ಎಕ್ಸ್‌ಚೇಂಜ್‌ನಿಂದಲೇ ವಿದ್ಯುತ್ ಬರುತ್ತೆ. ಹಾಗಾಗಿ ವೈರ್ ಇರುವ ಸಾದಾ ಫೋನ್ ಕತ್ತಲಲ್ಲೂ ಕೆಲಸ ಮಾಡುತ್ತೆ. ಕಾರ್ಡ್‌ಲೆಸ್‌ನಲ್ಲಿ ಹ್ಯಾಂಡ್‌ಸೆಟ್ ಮಾತಾಡೋದು ಬೇಸ್ ಮೂಲಕ. ಕರೆಂಟ್ ಹೋದ ಕೂಡಲೇ ಬೇಸ್ ಆಫ್. ಹ್ಯಾಂಡ್‌ಸೆಟ್‌ನಲ್ಲಿ ಬ್ಯಾಟರಿ ಫುಲ್ ಅಂತ ತೋರಿಸ್ತಾ ಇದ್ರೂ ಡಯಲ್ ಟೋನ್ ಬರಲ್ಲ. ಜನ ಮೋಸ ಹೋಗೋದು ಇಲ್ಲೇ.

ತಾಮ್ರದ ಲೈನ್ ಇದ್ದವರು ಹಳೇ ಫೋನ್ ಗುಜರಿಗೆ ಹಾಕಬೇಡಿ, ಅದೇ ಲೈನಿಗೆ ಜೋಡಿಸಿಡಿ. ಫೈಬರ್ ಇದ್ದವರಿಗೆ ಅದೂ ಸಾಲದು, ಮೋಡೆಮ್‌ಗೇ ಕರೆಂಟ್ ಬೇಕು. ಮೋಡೆಮ್ ಮತ್ತು ಬೇಸ್ ಎರಡನ್ನೂ ಇನ್ವರ್ಟರ್ ಅಥವಾ ಯುಪಿಎಸ್‌ಗೆ ಹಾಕಿ. ಒಂದಕ್ಕೆ ಮಾತ್ರ ಹಾಕಿದರೆ ಉಪಯೋಗ ಇಲ್ಲ.

ಸಿಡಿಲು ಜೋರಿರುವಾಗ ವೈರ್ ಫೋನ್‌ನಲ್ಲಿ ಮಾತಾಡಬೇಡಿ. ಮಳೆ ಕಟ್ಟುವ ಮೊದಲೇ ಬೇಸ್‌ನ ಎರಡೂ ಪಿನ್ ತೆಗೆದಿಟ್ಟು, ಸಿಡಿಲು ನಿಂತ ಮೇಲೆ ಮರೆಯದೆ ಹಾಕಿ.

ಇವತ್ತೇ ಒಂದು ಪರೀಕ್ಷೆ ಮಾಡಿ. ಮೇನ್ ಸ್ವಿಚ್ ಆಫ್ ಮಾಡಿ ಫೋನ್ ಎತ್ತಿ. ಡಯಲ್ ಟೋನ್ ಕೇಳಿಸಿದರೆ ನಿಶ್ಚಿಂತೆ. ಕೇಳಿಸದಿದ್ದರೆ, ಮನೇಲಿ ಹಿರಿಯರು ಒಬ್ಬರೇ ಇರುವ ರಾತ್ರಿ 108 ಆಂಬುಲೆನ್ಸ್‌ಗೂ 112ಕ್ಕೂ ಕರೆ ಹೋಗಲ್ಲ ಅಂತಲೇ ಅರ್ಥ.