ಒಂದು ಕಡೆಯ ಸ್ಪೀಕರ್ ಮೂಕವಾದರೆ...

ಅರಸೀಕೆರೆಯ ಒಂದು ಮನೆ ಎಂದುಕೊಳ್ಳಿ. ಹೈಸ್ಕೂಲಿನ ಹುಡುಗ ಬೇಲೂರು, ಹಳೇಬೀಡು ಪ್ರವಾಸ ಮುಗಿಸಿ ಬಂದಿದ್ದಾನೆ. ಶಿಲಾಬಾಲಿಕೆಯರ ಕೆಳಗೆ ನಿಂತು, ಕ್ಯಾಮೆರಾಕ್ಕೆ ಮೈಕ್ ಸಿಕ್ಕಿಸಿ ಮಾತಾಡಿದ ವಿಡಿಯೊ ನಾಳೆ ತರಗತಿಯಲ್ಲಿ ತೋರಿಸಬೇಕು. ಮನೆಯ ಕಂಪ್ಯೂಟರಿನಲ್ಲಿ ಹಾಕಿದರೆ ಎಡಗಡೆ ಸ್ಪೀಕರಿನಲ್ಲಿ ಮಾತ್ರ ಮಾತು, ಬಲಗಡೆಯದು ಗಪ್‌ಚಿಪ್. ‘ಅಪ್ಪಾ, ಇದು ಕೆಟ್ಟೋಯ್ತು, ಹೊಸದು ತಗೊಳ್ಳೋಣ’ ಎನ್ನುತ್ತಾನೆ. ಅಪ್ಪನಿಗೆ ಈ ಸಲದ ಕೊಬ್ಬರಿ ರೇಟು ನೆನಪಾಗುತ್ತದೆ.

ಅಂಗಡಿಗೆ ಹೋಗುವ ಮುಂಚೆ ಅರ್ಧ ಗಂಟೆ ಕೂತು ನೋಡಿ. ಒಂದು ಕಡೆ ಸದ್ದಿಲ್ಲ ಎಂದಾಕ್ಷಣ ಸ್ಪೀಕರೇ ಕೆಟ್ಟಿದೆ ಎಂದರ್ಥವಲ್ಲ.

ಹಳೇಬೀಡಿನ ಹೊಯ್ಸಳೇಶ್ವರ ದೇಗುಲ ನೋಡಿದವರಿಗೆ ಗೊತ್ತು, ಅದು ಜೋಡಿ ಗುಡಿ. ಒಂದರಲ್ಲಿ ಹೊಯ್ಸಳೇಶ್ವರ, ಪಕ್ಕದ್ದರಲ್ಲಿ ಶಾಂತಲೇಶ್ವರ. ಸ್ಟೀರಿಯೊ ಧ್ವನಿಯೂ ಹೀಗೇ ಜೋಡಿ. ಎಡಕ್ಕೊಂದು, ಬಲಕ್ಕೊಂದು ಪ್ರತ್ಯೇಕ ಸಂಕೇತ ಹರಿಯುತ್ತದೆ. ಇಂಗ್ಲೆಂಡಿನ ಆಲನ್ ಬ್ಲಮ್‌ಲೈನ್ 1931ರಲ್ಲೇ ಇದಕ್ಕೆ ಪೇಟೆಂಟ್ ಕೋರಿದ್ದರು. ನಿಮ್ಮ ಸ್ಪೀಕರಿನ 3.5 ಮಿಲಿಮೀಟರ್ ಪಿನ್ನನ್ನು ನೋಡಿ: ಎರಡು ಕಪ್ಪು ಗೆರೆಗಳು ಅದನ್ನು ಮೂರು ಭಾಗ ಮಾಡಿವೆ. ತುದಿ ಎಡದ್ದು, ನಡುವಿನ ಉಂಗುರ ಬಲದ್ದು, ಬುಡ ಎರಡಕ್ಕೂ ಸೇರಿದ್ದು. ಪಿನ್ ಅರ್ಧ ಮಾತ್ರ ಒಳಗೆ ಹೋಗಿದ್ದರೂ ಒಂದು ಕಡೆ ಮೌನವಾಗಬಹುದು!

ಆದ್ದರಿಂದ ಮೊದಲು ಪಿನ್ನನ್ನು ಪೂರ್ತಿ ಒತ್ತಿ. ಕಂಪ್ಯೂಟರಿನ ಹಿಂದಿನ ಹಸಿರು ತೂತು ಸ್ಪೀಕರಿನದು, ಗುಲಾಬಿ ಬಣ್ಣದ್ದು ಮೈಕಿನದು. ಆಮೇಲೆ ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ ಎಡ-ಬಲ ಬ್ಯಾಲೆನ್ಸ್ ಸಮವಾಗಿದೆಯೇ ನೋಡಿ. ಮಕ್ಕಳ ಕೈಚಳಕದಲ್ಲಿ ಅದು ಒಂದು ಕಡೆಗೆ ಸರಿದಿರುವುದುಂಟು.

ಇನ್ನೂ ಸರಿಹೋಗಲಿಲ್ಲವೇ? ಈಗ ಪತ್ತೇದಾರಿ ಕೆಲಸ. ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಸ್ಪೀಕರ್ ಪಿನ್ ಕಿತ್ತು ಅದೇ ತೂತಿಗೆ, ಮೊಬೈಲಿನಲ್ಲಿ ಚೆನ್ನಾಗಿ ಕೇಳಿಸುವ ಇಯರ್‌ಫೋನ್ ಹಾಕಿ. ಎರಡೂ ಕಡೆ ಕೇಳಿಸಿದರೆ ಕಂಪ್ಯೂಟರ್ ನಿರಪರಾಧಿ. ಆಗ ಸ್ಪೀಕರ್ ಪಿನ್ನನ್ನು ಮೊಬೈಲಿಗೋ ರೇಡಿಯೊಗೋ ಸಿಕ್ಕಿಸಿ. ಅಲ್ಲೂ ಅದೇ ಕಡೆ ಮೌನವಾದರೆ ದೋಷ ವೈರಿನಲ್ಲಿ ಅಥವಾ ಸ್ಪೀಕರಿನಲ್ಲಿ. ಪಿನ್ನಿನ ಬುಡದಲ್ಲಿ ವೈರನ್ನು ಮೆಲ್ಲಗೆ ಅಲುಗಾಡಿಸಿ. ಕರಕರ ಸದ್ದಾಗಿ ದನಿ ಬಂದು ಹೋದರೆ ಒಳಗಿನ ಎಳೆ ತುಂಡಾಗಿದೆ. ರೇಡಿಯೊ ರಿಪೇರಿಯವರು ಹೊಸ ಪಿನ್ ಬೆಸುಗೆ ಹಾಕಿಕೊಡುತ್ತಾರೆ. ಇಯರ್‌ಫೋನಿನಲ್ಲೂ ಒಂದೇ ಕಡೆ ಕೇಳಿಸಿದರೆ ಕಂಪ್ಯೂಟರಿನ ತೂತು ಸವೆದಿರಬಹುದು. ಪುಟ್ಟ ಯುಎಸ್‌ಬಿ ಸೌಂಡ್ ಕಾರ್ಡ್ ಸಾಕಾಗುತ್ತದೆ. ಕರೆಂಟಿನ ಸ್ಪೀಕರ್ ಪೆಟ್ಟಿಗೆಯನ್ನು ಮಾತ್ರ ಮಕ್ಕಳು ಬಿಚ್ಚಬಾರದು.

ನಮ್ಮ ಹುಡುಗನ ವಿಷಯಕ್ಕೆ ಬರೋಣ. ಅವನು ಬೇರೊಂದು ಹಾಡು ಹಾಕಿದ್ದರೆ ಎರಡೂ ಸ್ಪೀಕರ್ ಹಾಡುತ್ತಿದ್ದವು! ಒಂಟಿ ಮೈಕಿನ ದನಿ ಎಡಭಾಗದಲ್ಲಿ ಮಾತ್ರ ದಾಖಲಾಗಿದೆ, ಅಷ್ಟೆ. ಸೆಟ್ಟಿಂಗ್ಸ್‌ನಲ್ಲಿ ‘ಮೋನೊ ಆಡಿಯೊ’ ಆರಿಸಿದರೆ ಎರಡೂ ಕಡೆ ಮಾತು ಬರುತ್ತದೆ. ಖರ್ಚು ಸೊನ್ನೆ.

ಕೊನೆಯ ಪರೀಕ್ಷೆಯೊಂದಿದೆ. ಇದನ್ನು ಹೆತ್ತವರು ಗಮನವಿಟ್ಟು ಓದಬೇಕು. ‘ಒಂದು ಕಡೆ ಕೇಳಿಸ್ತಿಲ್ಲ’ ಎಂದು ಮಗು ಹೇಳಿದರೆ ಇಯರ್‌ಫೋನನ್ನು ಅದಲುಬದಲು ಮಾಡಿ, ಎಡದ್ದನ್ನು ಬಲಗಿವಿಗೆ ಹಾಕಿ. ಮೌನ ಇನ್ನೊಂದು ಕಿವಿಗೆ ಹೋದರೆ ದೋಷ ವೈರಿನದು. ಅದೇ ಕಿವಿಯಲ್ಲಿ ಉಳಿದರೆ? ಆಗ ತೋರಿಸಬೇಕಾದದ್ದು ರಿಪೇರಿ ಅಂಗಡಿಗಲ್ಲ, ಕಿವಿ ಡಾಕ್ಟರಿಗೆ.

ಗುಗ್ಗೆ ಕಟ್ಟಿರುವುದು ಕಾರಣವಿರಬಹುದು. ಮಂಗನಬಾವಿನಂಥ ಕಾಯಿಲೆಯಿಂದಲೂ ಒಂದು ಕಿವಿ ಮಂದವಾಗುವುದುಂಟು. ಇನ್ನೊಂದು ಕಿವಿ ಕೆಲಸ ನಡೆಸುವುದರಿಂದ ಮಗುವಿಗೇ ಇದು ತಿಳಿಯದೆ ಹೋಗಬಹುದು. ಗದ್ದಲದ ತರಗತಿಯಲ್ಲಿ ಪಾಠ ತಪ್ಪುತ್ತದೆ. ಮೇಷ್ಟ್ರು ‘ಗಮನ ಸಾಲದು’ ಎನ್ನುತ್ತಾರೆ. ಸದ್ದು ಯಾವ ದಿಕ್ಕಿನಿಂದ ಬಂತೆಂದು ಗುರುತಿಸಲು ಎರಡು ಕಿವಿಯೂ ಬೇಕು. ಬಿ.ಎಚ್. ರಸ್ತೆ ದಾಟುವಾಗ, ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಬರುವಾಗ ಇದು ಸಣ್ಣ ವಿಷಯವಲ್ಲ.

ಕಿವಿಗೆ ಕಡ್ಡಿ, ಪಿನ್ನು, ಬಿಸಿ ಎಣ್ಣೆ ಹಾಕಬೇಡಿ. ದಿಢೀರನೆ ಕೇಳಿಸದಾದರೆ ಅದೇ ದಿನ ವೈದ್ಯರಲ್ಲಿಗೆ ಹೋಗಿ. ಹಾಸನದ ಜಿಲ್ಲಾ ಆಸ್ಪತ್ರೆಯಿದೆ. ಹೆಚ್ಚಿನ ತಪಾಸಣೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಅರಸೀಕೆರೆಯಿಂದ ಮೈಸೂರಿಗೆ ರೈಲೂ ಉಂಟು.

ಸ್ಪೀಕರ್ ಕೆಟ್ಟರೆ ಇನ್ನೊಂದು ತರಬಹುದು. ಕಿವಿಯ ಮಾತು ಹಾಗಲ್ಲ.